ಹದಿನೇಳನೇ ನಂಬರಿನ ಮನೆಯಲ್ಲಿ ಪತ್ತೇದಾರ ಯಾರು?

ಆಲ್‌ಫ್ರೆಡ್ ಹಿಚ್‌ಕಾಕ್ 1932ರಲ್ಲಿ ತೆಗೆದ ‘ನಂಬರ್ ಸೆವೆಂಟೀನ್’ ಎಂಬ ಕಪ್ಪು-ಬಿಳುಪು ಚಿತ್ರವನ್ನು ಮನೆಮಂದಿಯೊಂದಿಗೆ ಕುಳಿತು ನೋಡಬಾರದೆಂಬ ಎಚ್ಚರಿಕೆಯನ್ನು ಯಾವ ವಿಮರ್ಶಕರೂ ಕೊಟ್ಟಂತಿಲ್ಲವಾದ್ದರಿಂದ, ಆ ಲೋಕೋಪಕಾರವನ್ನು ನಾನೇ ಮಾಡಬೇಕಾಗಿದೆ. ಚಿತ್ರ ಇರುವುದೇ ಒಂದು ಗಂಟೆ ಚಿಲ್ಲರೆ, ಆದರೆ ತೆರೆಯ ಮೇಲೆ ಹೊಸ ಮುಖ ಕಂಡಾಗಲೆಲ್ಲ ನಮ್ಮ ಅತ್ತೆ “ಇವನ್ಯಾರೇ?” ಎಂದು ಕೇಳುತ್ತಿದ್ದುದರಿಂದ, ನಿಲ್ಲಿಸಿ, ವಿವರಿಸಿ, ಮತ್ತೆ ಹಚ್ಚುವುದರಲ್ಲಿ ಸಾರು ತಣ್ಣಗಾಯಿತು.

ಗಾಳಿಗೆ ಹಾರಿದ ಹ್ಯಾಟಿನ ಬೆನ್ನು ಹತ್ತಿದ ಸಭ್ಯಸ್ಥನೊಬ್ಬ ರಾತ್ರಿಯಲ್ಲಿ ಖಾಲಿ ಮನೆಯೊಂದನ್ನು ಹೊಕ್ಕರೆ, ಅಲ್ಲೊಂದು ಹೆಣವೂ ಬೆನ್ ಎಂಬ ಪುಕ್ಕಲು ಅಲೆಮಾರಿಯೂ ಎದುರಾಗುತ್ತಾರೆ. ಆಮೇಲೆ ಅಲ್ಲಿ ಯಾರೂ ತಾವು ಹೇಳಿಕೊಂಡವರಾಗಿ ಉಳಿಯುವುದಿಲ್ಲ: ಮಾತು ಬಾರದ ಹೆಂಗಸು ಮಾತನಾಡುತ್ತಾಳೆ, ಹೆಣವಂತೂ ಎದ್ದು ಓಡಾಡುತ್ತದೆ. ಇವರ ನಡುವೆ ವೇಷ ಮರೆಸಿಕೊಂಡ ಬಾರ್ಟನ್ ಎಂಬ ಪತ್ತೇದಾರನೂ ಇದ್ದಾನೆ.

“ಹ್ಯಾಟು ಸಿಕ್ಕ ಮೇಲೂ ಮನೆಗೆ ಹೋಗದವನು ಪೊಲೀಸಿನವನೇ,” ಎಂದು ಅತ್ತೆ ಮೊದಲ ಹತ್ತು ನಿಮಿಷದಲ್ಲೇ ತೀರ್ಪು ಕೊಟ್ಟರು. ನಮ್ಮ ಯಜಮಾನರಿಗೆ ಅದು ಹಿಡಿಸಲಿಲ್ಲ. ಅಷ್ಟು ಸಲೀಸಾಗಿ ತಿಳಿಯುವಂತಿದ್ದರೆ ಹಿಚ್‌ಕಾಕ್ ಯಾಕೆ ಬೇಕಿತ್ತು ಎಂಬುದು ಅವರ ವಾದ. (ಮುಂದೆ ಫ್ರೆಂಚ್ ಚಿತ್ರ ನಿರ್ದೇಶಕ ಟ್ರೂಫೋ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಸ್ವತಃ ಹಿಚ್‌ಕಾಕರೇ ಈ ಚಿತ್ರವನ್ನು ಅನಾಹುತವೆಂದು ತಳ್ಳಿಹಾಕಿದ್ದನ್ನು ನಾನು ಆಗ ಬಾಯಿಬಿಡಲಿಲ್ಲ.)

ಕಳ್ಳರು ವಜ್ರದ ಹಾರಕ್ಕಾಗಿ ಕಾದಾಡುತ್ತ ಗೂಡ್ಸ್ ರೈಲು ಹತ್ತಿದಾಗ, ಹ್ಯಾಟಿನವನು ಪ್ರಯಾಣಿಕರಿದ್ದ ಬಸ್ಸನ್ನೇ ವಶಪಡಿಸಿಕೊಂಡು ಅಟ್ಟಿಸಿಕೊಂಡು ಹೋಗುತ್ತಾನೆ. ಬಸ್ಸೂ ರೈಲೂ ಆಟಿಕೆಯ ಮಾದರಿಗಳೆಂಬುದು ಕಣ್ಣಿಗೆ ರಾಚುತ್ತದೆ, ಆದರೂ ಆ ಓಟದ ಲಯಕ್ಕೆ ಸಿಕ್ಕಿದ ಅತ್ತೆ, ಸೀಟಿನಿಂದ ಸೀಟಿಗೆ ಎಗರಿಬೀಳುತ್ತಿದ್ದ ಪ್ರಯಾಣಿಕರಿಗಾಗಿ “ಅಯ್ಯೋ, ಟಿಕೆಟ್ ತಗೊಂಡಿದ್ದಾರಲ್ಲೋ ಪಾಪ!” ಎಂದು ಮರುಗಿದರು. ಕೊನೆಗೆ ರೈಲು ಹೋಗಿ ಹಡಗಿಗೆ ಗುದ್ದಿತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂದು ಅತ್ತೆ ಎದ್ದು ಓಡಿದರು.

ನೀರಿನಿಂದ ಮೇಲೆತ್ತಿದವರಲ್ಲೊಬ್ಬ ತಾನೇ ಪತ್ತೇದಾರ ಬಾರ್ಟನ್ ಎಂದದ್ದೇ ತಡ, ಯಜಮಾನರು “ನಾನು ಹೇಳಲಿಲ್ಲವೇ?” ಎಂದು ತೊಡೆ ತಟ್ಟಿದರು. ಅವರ ಕೈ ಇನ್ನೂ ತೊಡೆಯ ಮೇಲಿರುವಾಗಲೇ ಹ್ಯಾಟಿನವನು ಶಾಂತವಾಗಿ, ಅದು ಸಾಧ್ಯವಿಲ್ಲ, ಬಾರ್ಟನ್ ತಾನೇ ಎಂದುಬಿಟ್ಟ.

ಅತ್ತೆ ಮಸಿಬಟ್ಟೆ ಹಿಡಿದುಕೊಂಡೇ ಬಂದು, “ಯಾರಂತೋ ಪೊಲೀಸು?” ಎಂದು ಕೇಳಿದರು.

“ರೈಲು ಹಡಗಿಗೆ ಗುದ್ದಿತಲ್ಲಮ್ಮ, ಅಲ್ಲಿಗೆ ಮುಗಿಯಿತು,” ಎಂದ ಯಜಮಾನರು, ರಿಮೋಟನ್ನು ಕೈಗೆತ್ತಿಕೊಂಡು ಟೀವಿ ಆರಿಸಿದರು.