ಝೂನಲ್ಲಿ ತೆಗೆದ ಫೋಟೋ ಅನ್ನೋಕೆ ಸಂಕೋಚ ಯಾಕೆ?

"ಓ, ಇದು ಝೂನಲ್ಲಿ ತೆಗೆದಿದ್ದಾ?" ಅಂದರು ಗೆಳೆಯರೊಬ್ಬರು. ಅಲ್ಲಿಯವರೆಗೂ ಮಕಾವ್ ಎಂಬ ದೊಡ್ಡ ಗಿಳಿಯ ಆ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದವರು, ಹೌದು ಅಂದಕೂಡಲೇ ಮೊಬೈಲ್ ವಾಪಸ್ ಕೊಟ್ಟುಬಿಟ್ಟರು. ಅದೇ ಹಕ್ಕಿ, ಅದೇ ಬಣ್ಣ. ಒಂದು ಮಾತಿಗೆ ಅದರ ಬೆಲೆ ಇಳಿದುಹೋಯಿತು. ಅವತ್ತಿನಿಂದ ಇದು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ.

ಆ ಫೋಟೋಗಾಗಿ ನಾನು ಒಂದೇ ಪಂಜರದ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ. ನೀಲಿ-ಹಳದಿ ಮಕಾವ್‌ನ ಮುಖ ದೂರಕ್ಕೆ ಬರೀ ಬಿಳಿ. ಲೆನ್ಸಿನಲ್ಲಿ ಹತ್ತಿರ ತಂದುಕೊಂಡರೆ ಆ ಬೋಳು ಚರ್ಮದ ಮೇಲೆ ಎಳೆ ಎಳೆ ಕಪ್ಪು ಗೆರೆಗಳು ಕಾಣುತ್ತವೆ. ಇನ್ನೂ ದಿಟ್ಟಿಸಿದರೆ ಅವು ಗೆರೆಗಳೇ ಅಲ್ಲ, ಸಾಲುಗಟ್ಟಿ ಹುಟ್ಟಿದ ಪುಟಾಣಿ ಗರಿಗಳು. ನೋಡನೋಡುತ್ತಿದ್ದಂತೆ ಅದರ ಕಣ್ಣಪಾಪೆ ಸಾಸಿವೆಕಾಳಿನಷ್ಟಕ್ಕೆ ಕುಗ್ಗಿ, ಮತ್ತೆ ಅರಳಿತು. ಬೆಳಕೇನೂ ಬದಲಾಗಿರಲಿಲ್ಲ. ಗಿಳಿಜಾತಿಯ ಹಕ್ಕಿಗಳು ಕುತೂಹಲಕ್ಕೋ ಸಿಟ್ಟಿಗೋ ಹಾಗೆ ಮಾಡುತ್ತವೆ. ನಾನು ಅದನ್ನು ನೋಡುತ್ತಿದ್ದ ಹಾಗೆ ಅದೂ ನನ್ನನ್ನು ನೋಡುತ್ತಿತ್ತು. ಕಾಡಿನಲ್ಲಿ ನನಗೆ ಇಷ್ಟು ಹತ್ತಿರದ ನೋಟ ಯಾವತ್ತೂ ಸಿಕ್ಕಿಲ್ಲ.

ಬಣ್ಣದ ವಿಷಯ ಬಂದರೆ ನಾನು ಸುಮ್ಮನಿರಲಾರೆ. ಮಕಾವ್‌ನ ನೀಲಿ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ! ಗರಿಯೊಳಗಿನ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ನೀಲಿ ಕಾಣುತ್ತದೆ. ಅದರ ಮೇಲೆ ಹಳದಿ ವರ್ಣದ್ರವ್ಯ ಸೇರಿದರೆ ಗಿಳಿಹಸಿರು. ನವಿಲಿನದಂತೂ ಬೆಳಕಿನ ಆಟವೇ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಕತ್ತು ಬೇರೆ ಬಣ್ಣ. ಫ್ಲೆಮಿಂಗೊದ ಗುಲಾಬಿ ಬರುವುದು ತಿನ್ನುವ ಆಹಾರದಲ್ಲಿರುವ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯದಿಂದ. ಝೂಗಳಲ್ಲಿ ಅದನ್ನು ಮೇವಿಗೆ ಬೆರೆಸದಿದ್ದರೆ ಹೊಸದಾಗಿ ಬರುವ ಗರಿಗಳು ಮಾಸುತ್ತಾ ಬೆಳ್ಳಗಾಗುತ್ತವೆ. ಗರಿಯ ಬಣ್ಣದಲ್ಲಿ ಬೆಳಕಿನ ಪಾತ್ರ ಇಷ್ಟಿದೆ ಅಂತ ಗೊತ್ತಾದ ಮೇಲೆ ನಾನು ನೆತ್ತಿಬಿಸಿಲಲ್ಲಿ ಹಕ್ಕಿ ಫೋಟೋ ತೆಗೆಯುವುದನ್ನೇ ಬಿಟ್ಟೆ. ಮೋಡ ಕವಿದ ಬೆಳಕಿನಲ್ಲಿ ಗರಿಯ ಎಳೆ ಎಳೆಯೂ ಉಳಿಯುತ್ತದೆ. ಕಡುಗೆಂಪು ಹಕ್ಕಿಯಾದರೆ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೆಂಪೆಲ್ಲ ಕಲಸಿ ಒಂದೇ ಮುದ್ದೆಯಾಗುತ್ತದೆ.

ಜಾಲರಿ ಅಡ್ಡ ಬರುತ್ತದೆ ಅಂತ ಬಹಳ ಜನ ಕೈಚೆಲ್ಲುತ್ತಾರೆ. ತಡೆಬೇಲಿ ದಾಟದೆ, ಬಿಟ್ಟಷ್ಟು ಹತ್ತಿರಕ್ಕೆ ಲೆನ್ಸ್ ಒಯ್ದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಹಕ್ಕಿ ಜಾಲರಿಯಿಂದ ಹಿಂದಕ್ಕೆ ಹೋಗುವವರೆಗೆ ಕಾಯಿರಿ. ತಂತಿ ಕರಗಿದಂತೆ ಮಾಯವಾಗುತ್ತದೆ. ಗಾಜಿದ್ದರೆ ಲೆನ್ಸಿನ ತುದಿಗೆ ಹಾಕುವ ರಬ್ಬರ್ ಹುಡ್ ಅನ್ನು ಮೆಲ್ಲಗೆ ಗಾಜಿಗೆ ಒತ್ತಿಹಿಡಿದರೆ ಪ್ರತಿಬಿಂಬ ಬೀಳುವುದಿಲ್ಲ. ಕಪ್ಪು ಅಂಗಿ ಹಾಕಿಕೊಂಡು ಹೋಗುವುದೂ ಅದಕ್ಕೇ.

ಆದರೆ ಫ್ಲಾಶ್ ಮಾತ್ರ ಬೇಡ, ದಯವಿಟ್ಟು. ನಿಶಾಚರ ಪ್ರಾಣಿಗಳ ಮಬ್ಬುಗತ್ತಲ ಕೋಣೆಯಲ್ಲಿ ಒಬ್ಬರು ಗೂಬೆಯ ಮುಖಕ್ಕೇ ಫ್ಲಾಶ್ ಹೊಡೆದದ್ದನ್ನು ನೋಡಿದ್ದೇನೆ. ಗೂಬೆ ಕಣ್ಣು ಮುಚ್ಚಿ, ಮೈ ಸಣ್ಣಗೆ ಮಾಡಿಕೊಂಡು ಗೋಡೆಗೆ ಅಂಟಿಕೊಂಡಿತು. ಅವರು ಆಮೇಲೆ ಗಾಜು ಬೇರೆ ತಟ್ಟಿದರು. ಗೂಬೆಗೆ ಎದ್ದು ಹೋಗಲು ಜಾಗವಿರಲಿಲ್ಲ. ಆ ಫೋಟೋ ಎಷ್ಟೇ ಚೆನ್ನಾಗಿ ಬಂದಿದ್ದರೂ ನನಗೆ ಬೇಡ.

ಝೂ ಫೋಟೋ ಅಂದರೆ ಮೂಗು ಮುರಿಯುವವರಿಗೆ ಕ್ವಾಗಾ ಕಥೆ ಹೇಳಬೇಕು. ಮುಂದಿನ ಅರ್ಧ ಜೀಬ್ರಾ, ಹಿಂದಿನ ಅರ್ಧ ಕಂದು ಕುದುರೆಯಂತಿದ್ದ ದಕ್ಷಿಣ ಆಫ್ರಿಕಾದ ಪ್ರಾಣಿ. ಬದುಕಿದ್ದಾಗ ಕ್ಯಾಮೆರಾಗೆ ಸಿಕ್ಕಿದ್ದು ಒಂದೇ ಒಂದು ಕ್ವಾಗಾ, ಲಂಡನ್ ಝೂನಲ್ಲಿದ್ದ ಹೆಣ್ಣು. 1863ರಿಂದ 1870ರ ನಡುವಿನ ಐದು ಫೋಟೋಗಳಷ್ಟೇ ಈಗ ಗೊತ್ತಿರುವುದು. 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಝೂನಲ್ಲಿ ಕೊನೆಯ ಕ್ವಾಗಾ ಸತ್ತಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿದ್ದ, ಬೆನ್ನ ಮೇಲೆ ಪಟ್ಟೆಗಳಿದ್ದ ಥೈಲಸೀನ್ ಎಂಬ ಮಾಂಸಾಹಾರಿ ಪ್ರಾಣಿ ನಡೆದಾಡುವುದನ್ನು, ಅಷ್ಟಗಲ ಬಾಯಿ ತೆರೆಯುವುದನ್ನು ಇವತ್ತು ನಾವು ನೋಡುತ್ತೇವಲ್ಲ, ಅದೂ 1933ರಲ್ಲಿ ಹೋಬಾರ್ಟ್ ಝೂನಲ್ಲಿ ಚಿತ್ರೀಕರಿಸಿದ್ದು. ಮೂರು ವರ್ಷಕ್ಕೆ, ಗೊತ್ತಿದ್ದ ಕೊನೆಯ ಥೈಲಸೀನ್ ಕೂಡ ಸತ್ತಿತು. ಹೀಗೆ ಬೇಲಿಯ ಈಚೆ ನಿಂತು ಯಾರೋ ಗುಂಡಿ ಒತ್ತಿದ್ದರಿಂದ ಉಳಿದ ಚಿತ್ರಗಳನ್ನು ನೋಡಿಯೂ "ಬರೀ ಝೂ ಫೋಟೋ" ಅನ್ನುವುದು ಹೇಗೆ?

ಹಾಗಂತ ಝೂ ಚಿತ್ರವನ್ನು ಕಾಡಿನದು ಅಂತ ದಾಟಿಸುವುದು ಮೋಸ. ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದದ್ದು, ತೋಳ ಗೇಟು ಹಾರುವ ಚಿತ್ರ. ಅದು ಪಳಗಿಸಿದ ತೋಳವೇ ಇರಬೇಕೆಂದು ತೀರ್ಪುಗಾರರು ತೀರ್ಮಾನಿಸಿ ಮರುವರ್ಷ ಅನರ್ಹಗೊಳಿಸಿದರು. ಛಾಯಾಗ್ರಾಹಕರು ಅದನ್ನು ಒಪ್ಪಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಝೂ ಚಿತ್ರಕ್ಕೆ ಅಂಥ ಅನುಮಾನದ ಗೊಡವೆಯೇ ಇಲ್ಲ.

ಅದೇ ಮಕಾವ್‌ನ ಇನ್ನೊಂದು ಫೋಟೋ ನನ್ನ ಬಳಿ ಇದೆ. ಹೆಗಲ ಮೇಲೆ ಜಾಲರಿಯ ನೆರಳು ಬಿದ್ದು, ನೀಲಿ ಗರಿಗಳ ಮೇಲೆ ಸಣ್ಣ ಸಣ್ಣ ಚೌಕಗಳು ಮೂಡಿವೆ. ಅಳಿಸುವುದು ಎರಡು ನಿಮಿಷದ ಕೆಲಸ. ಅಳಿಸದೆ ಹಾಗೇ ಪ್ರಿಂಟ್ ಹಾಕಿಸಿ, ಕೆಳಗೆ "ಝೂನಲ್ಲಿ" ಅಂತ ಬರೆದು, ಮೇಜಿನ ಎದುರಿಗೇ ತೂಗುಹಾಕಿದ್ದೇನೆ.