ಎಡಕ್ಕೆ ಲೂಸು, ಬಲಕ್ಕೆ ಟೈಟು

ಈ ಬರಹವನ್ನು ಎಡಗೈಯೊಂದರಿಂದಲೇ ಟೈಪಿಸುತ್ತಿದ್ದೇನೆ. ಬಲಗೈಯ ಬೆರಳಗೆಣ್ಣುಗಳು ನಿನ್ನೆ ಮಧ್ಯಾಹ್ನ ಸೈಕಲ್ಲಿನ ಚೈನ್‌ರಿಂಗಿನ ಹಲ್ಲಿಗೆ ಸಿಕ್ಕಿ, ಈಗ ಅರಿಸಿನ ಹಚ್ಚಿಸಿಕೊಂಡು ವಿಶ್ರಾಂತಿಯಲ್ಲಿವೆ.

ಎಲ್ಲಕ್ಕೂ ಮೂಲ ಒಂದು ‘ಕಟಕ್’. ಮಳೆಗಾಲದ ಭಾನುವಾರಗಳಲ್ಲಿ ಬೆಂಗಳೂರಿನ ತುರಹಳ್ಳಿಯ ಕಡೆಯ ಕೆಸರನ್ನೆಲ್ಲ ಮೆತ್ತಿಕೊಂಡು ಬರುತ್ತಿದ್ದ ನನ್ನ ಮೌಂಟನ್ ಬೈಕನ್ನು, ಕಾರು ತೊಳೆಯುವ ಪೈಪಿನಿಂದ ಎಮ್ಮೆಗೆ ಮೈ ತೊಳೆಸಿದಂತೆ ತೊಳೆಯುತ್ತಿದ್ದೆ. ಆ ನೀರು ಎರಡು ಪೆಡಲುಗಳ ನಡುವೆ ಫ್ರೇಮಿನ ಹೊಟ್ಟೆಯಲ್ಲಿರುವ ಬಾಟಮ್ ಬ್ರಾಕೆಟ್ಟಿಗೆ ನುಗ್ಗಿ, ಬೇರಿಂಗಿನ ಗ್ರೀಸನ್ನು ತೊಳೆದು ಹಾಕಿ, ತುಕ್ಕನ್ನು ಬಿಟ್ಟುಹೋಗಿತ್ತು. ಪೆಡಲು ಒಂದು ಸುತ್ತು ಬಂದರೆ ಒಂದು ಕಟಕ್. ಬೀದಿಯ ತಿರುವಿನಲ್ಲಿ ಈ ಸದ್ದು ಕೇಳಿಸುತ್ತಿದ್ದಂತೆಯೇ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟು ತೆರೆದು ನಿಲ್ಲುತ್ತಿದ್ದ. ಅದನ್ನು ನಾನು ಬಹಳ ದಿನ ಗೌರವವೆಂದೇ ತಿಳಿದಿದ್ದೆ.

ಹೊಸ ಬಾಟಮ್ ಬ್ರಾಕೆಟ್ಟು ಕೊಳ್ಳಲು ಎರಡು ಸಲ ಅಂಗಡಿಗೆ ಅಲೆದೆ, ಏಕೆಂದರೆ ಮೊದಲ ಸಲ ತಂದದ್ದು 68 ಮಿಲಿಮೀಟರಿನದು, ನನ್ನ ಫ್ರೇಮಿನ ಅಗಲ 73. ಹಳೆಯದನ್ನು ಬಿಚ್ಚಲು ಬೇಕಾದ, ಪೆಡಲಿನ ತೋಳನ್ನು ಎಳೆದು ತೆಗೆಯುವ ಕ್ರ್ಯಾಂಕ್ ಪುಲ್ಲರ್ ಮತ್ತು ಹಲ್ಲುಗಳ ಸಾಕೆಟ್ಟಿಗೆ ಆ ಬಿಡಿಭಾಗಕ್ಕಿಂತ ಹೆಚ್ಚು ದುಡ್ಡು ಹೋಯಿತು. ಇಷ್ಟಾದರೂ ಎಲ್ಲವೂ ಸುಸೂತ್ರವಾಗಿತ್ತು, ಪಾರ್ಕಿಂಗಿಗೆ ನಮ್ಮ ಮೇಲಂತಸ್ತಿನ ನಿವೃತ್ತ ಹಿರಿಯರು ಇಳಿದು ಬರುವ ತನಕ.

ಈ ಹಿರಿಯರಿಗೆ ಇನ್ನೊಬ್ಬರ ಕೈಯಲ್ಲಿ ಸ್ಪ್ಯಾನರ್ ಕಂಡರೆ ತಡೆಯಲಾಗದು. ‘ಕೊಡಿ ಇಲ್ಲಿ’ ಎಂದು ಕೈ ಚಾಚುತ್ತಾರೆ, ಆಮೇಲೆ ‘ಎಡಕ್ಕೆ ಲೂಸು, ಬಲಕ್ಕೆ ಟೈಟು’ ಎಂದು ಮಂತ್ರ ಹೇಳುತ್ತಾರೆ. ನಲ್ಲಿಯಿಂದ ಹಿಡಿದು ಉಪ್ಪಿನಕಾಯಿ ಜಾಡಿಯ ಮುಚ್ಚಳದವರೆಗೆ ಈ ಮಂತ್ರ ಅವರನ್ನು ಎಂದೂ ಕೈಬಿಟ್ಟಿರಲಿಲ್ಲ. ಚೈನಿನ ಪಕ್ಕದ ಕಪ್ಪಿಗೆ, ಅಂದರೆ ಬೇರಿಂಗನ್ನು ಫ್ರೇಮಿಗೆ ಬಿಗಿಯುವ ಬಳೆಗೆ, ಉಲ್ಟಾ ಥ್ರೆಡ್ ಇರುತ್ತದೆ, ಅದು ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ ಎಂದು ನಾನು ತೊದಲಿದ್ದನ್ನು ಅವರು ವೈಯಕ್ತಿಕ ಅವಮಾನವೆಂದು ಪರಿಗಣಿಸಿದರು. ಬೇರಿಂಗಿನ ಗುಂಡುಗಳು ಉರುಳುವಾಗ ಆ ಕಪ್, ಪೆಡಲು ತಿರುಗುವ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಜರುಗುತ್ತ ಹೋಗುತ್ತದೆ, ನೇರ ಥ್ರೆಡ್ ಆಗಿದ್ದರೆ ತಾನಾಗಿಯೇ ಸಡಿಲಾಗಿಬಿಡುತ್ತಿತ್ತು ಎಂದು ವಿವರಿಸಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ, ಎಡಕ್ಕೇ ತಿರುಗಿಸಿದರು. ಇಟಲಿಯ ಸೈಕಲ್ಲುಗಳ ಥ್ರೆಡ್ಡಿನಲ್ಲಿ ಎರಡೂ ಕಡೆ ನೇರವೇ ಇರುವುದರಿಂದ, ಅವರು ಅಲ್ಲಿ ಹುಟ್ಟಿದ್ದರೆ ಮಾತು ಉಳಿಯುತ್ತಿತ್ತು. ನನ್ನದು ಬಿಎಸ್‌ಎ ಥ್ರೆಡ್. ಬರ್ಮಿಂಗ್‌ಹ್ಯಾಮಿನ ಬಂದೂಕು ತಯಾರಕರ ಹೆಸರು ಹೊತ್ತದ್ದು, ಗಾಯ ಮಾಡದೆ ಬಿಡುವುದುಂಟೆ?

ಮುಕ್ಕಾಲು ಗಂಟೆ ನಾವಿಬ್ಬರೂ ಸೇರಿ, ಬಿಚ್ಚಬೇಕಾದದ್ದನ್ನು ಬಿಗಿ ಮಾಡಿದೆವು. ಮೊದಲು ಸ್ಪ್ಯಾನರಿಗೆ ಮಂಚದ ಕೊಳವೆಯೊಂದನ್ನು ಸಿಕ್ಕಿಸಿದೆವು. ಅದೂ ಸಾಲದೆ ಹಿರಿಯರು ಪಂಚೆ ಎತ್ತಿ ಕಟ್ಟಿ ಕೊಳವೆಯ ಮೇಲೆ ಕುಳಿತರು. ನಾನು ಸೈಕಲ್ಲನ್ನು ತಬ್ಬಿಕೊಂಡು ನೆಲಕ್ಕೆ ಒರಗಿದೆ. ಹಾಲು ತರಲು ಹೊರಟ ನೆರೆಯಾಕೆ ಸುಮ್ಮನೆ ಮೆಟ್ಟಿಲು ಹತ್ತಿ ವಾಪಸು ಹೋದರು. ಕೊನೆಗೆ ಸಾಕೆಟ್ ಹಲ್ಲು ಜಾರಿತು, ಹಿರಿಯರು ಕಾರಿನ ಬಾನೆಟ್ಟಿಗೆ ಆತು ನಿಂತರು, ನನ್ನ ಕೈ ಚೈನ್‌ರಿಂಗಿಗೆ ಹೋಯಿತು. ಅವರು ಟಿಂಚರು ತರಲು ಮೇಲೆ ಹೋದಾಗ ನಾನು ಎಡಗೈಯಿಂದ ಬಲಕ್ಕೆ ತಿರುಗಿಸಿ, ಕೊಳವೆಯ ತುದಿಗೆ ಒಂದು ಒದೆ ಕೊಟ್ಟೆ. ಬಿಚ್ಚಿಕೊಂಡಿತು. ಇಳಿದು ಬಂದವರು ಕಪ್ಪನ್ನು ನೋಡಿ, ‘ನಾನು ಲೂಸ್ ಮಾಡಿಟ್ಟಿದ್ದೆ’ ಎಂದರು.

ಊರಿನ ಸೈಕಲ್ ಶಾಪಿನಲ್ಲಿ ಅಪ್ಪನ ಸೈಕಲ್ಲಿನ ಪೆಡಲಿನ ತೋಳನ್ನು ಹಿಡಿದಿಡುವ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯ ತಟ್ಟೆಗೆ ಸುರಿದಾಗ, ಎಣಿಸುವ ಕೆಲಸ ನನ್ನದಾಗಿತ್ತು. ಒಂದೊಂದು ಪಕ್ಕಕ್ಕೆ 11ರಂತೆ 22. ಒಂದು ಸವೆದಿದ್ದರೆ ಅದೊಂದನ್ನೇ ಬದಲಿಸುತ್ತಿದ್ದರು, ಉಳಿದ ಒಂದೆರಡು ಹಳೆಯವು ನನ್ನ ಜೇಬಿಗೆ ಬರುತ್ತಿದ್ದವು. ಈಗಿನದು ಮುಚ್ಚಿದ ಡಬ್ಬಿ. ಕೆಟ್ಟರೆ ಇಡಿಯಾಗಿ ಕಸಕ್ಕೆ. ಎಣಿಸಲು ಏನೂ ಇಲ್ಲ, ನನ್ನ ಮಗನಿಗೆ ಕೊಡಲೂ ಇಲ್ಲ.

ಇಂದು ಬೆಳಿಗ್ಗೆ ಒಂಟಿ ಕೈಯಲ್ಲೇ ಬಡಾವಣೆಗೆ ಒಂದು ಸುತ್ತು ಹಾಕಿ ಬಂದೆ. ಬೆಣ್ಣೆಯಲ್ಲಿ ಕೂದಲೆಳೆದಂತೆ ತಿರುಗುತ್ತಿತ್ತು. ಆದರೆ ಗೇಟು ಮುಚ್ಚಿತ್ತು, ವಾಚ್‌ಮನ್ ಮೊಬೈಲಿನಲ್ಲಿ ಮುಳುಗಿದ್ದ, ನನ್ನ ಬೈಕಿಗೆ ಗಂಟೆಯೂ ಇಲ್ಲ. ಎರಡು ನಿಮಿಷ ಕಾದೆ. ಅಕ್ಕಪಕ್ಕ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಬಾಯಿಂದಲೇ ‘ಕಟಕ್, ಕಟಕ್’ ಎಂದೆ. ಆತ ಮೊಬೈಲಿನಿಂದ ತಲೆ ಎತ್ತದೆಯೇ ಬಂದು ಗೇಟು ತೆರೆದ.