ಕುದುರೆಯ ಕೀಲುನೋವಿಗೆ ಗಿಡಮೂಲಿಕೆ ಕೊಡಬೇಕೇ?

ಪರ: ತೂಗಿ ಕೊಡುವವರಿಗೆ ಅದು ಕೆಲಸಕ್ಕೆ ಬರುತ್ತದೆ

ಬೆಳಿಗ್ಗೆ ಲಾಯದಿಂದ ಹೊರಬರುವಾಗ ಮೊದಲ ಹತ್ತು ಹೆಜ್ಜೆ ಬಿಗಿಯಾಗಿಟ್ಟು, ಆಮೇಲೆ ಸಡಿಲಗೊಳ್ಳುವ ಮುದಿ ಕುದುರೆಯ ಮಾತು ಇದು. ಎದ್ದು ಕಾಣುವಂತೆ ಕುಂಟುವ ಕುದುರೆಯದಲ್ಲ. ಇಂಥ ಕುದುರೆಗೆ ಹಿಂಗಾಲಿನ ಹಾಕ್ ಕೀಲಿನ ಕೆಳಗಿನ ಸಾಲುಗಳಲ್ಲೋ ಗೊರಸಿನೊಳಗಿನ ಕೀಲಿನಲ್ಲೋ ಮೃದ್ವಸ್ಥಿ ಸವೆದಿರುವುದೇ ಹೆಚ್ಚು. ಮೃದ್ವಸ್ಥಿಗೆ ರಕ್ತನಾಳವಿಲ್ಲ, ಸವೆದದ್ದು ಮೊದಲಿನಂತೆ ಬೆಳೆಯುವುದಿಲ್ಲ. ಉಳಿಯುವುದು ಉರಿಯೂತವನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುವ ಕೆಲಸ.

ಪಶುವೈದ್ಯರು ಬರೆದುಕೊಡುವ ನೋವಿನ ಔಷಧ ಫಿನೈಲ್‌ಬ್ಯೂಟಾಜೋನ್ ನೋವು ಇಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ದಿನವೂ ಕೊಡುತ್ತ ಹೋದರೆ ಹೊಟ್ಟೆಹುಣ್ಣು, ಬಲಗಡೆಯ ದೊಡ್ಡಕರುಳಿನ ಉರಿಯೂತ, ಮೂತ್ರಪಿಂಡದ ಹಾನಿ ಬೆನ್ನಿಗೇ ಬರಬಹುದು. ಕುದುರೆಯ ಜಠರ ಮೇವಿಲ್ಲದ ಹೊತ್ತಿನಲ್ಲೂ ಆಮ್ಲ ಸುರಿಸುತ್ತಲೇ ಇರುತ್ತದೆ. ಆ ಆಮ್ಲದಿಂದ ಜಠರದ ಒಳಪದರವನ್ನು ಕಾಯುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಗೇ ಈ ಔಷಧ ಅಡ್ಡಿಪಡಿಸುತ್ತದೆ. ಶಲ್ಲಕಿ ಮರದ ಅಂಟಿನಲ್ಲಿರುವ ಬೋಸ್ವೆಲಿಕ್ ಆಮ್ಲಗಳು ಮುಖ್ಯವಾಗಿ ತಡೆಯುವುದು ಬೇರೊಂದು ಕಿಣ್ವವನ್ನು, ಅಂದರೆ ಉರಿಯೂತದ ಲ್ಯೂಕೋಟ್ರಿಯೀನ್‌ಗಳನ್ನು ತಯಾರಿಸುವ 5-ಲೈಪಾಕ್ಸಿಜಿನೇಸನ್ನು. ಹೊಟ್ಟೆಯ ಒಳಪದರಕ್ಕೆ ಕೈಹಾಕದೆ ಉರಿಯೂತವನ್ನು ಇನ್ನೊಂದು ಬಾಗಿಲಿನಿಂದ ತಟ್ಟುವ ಈ ಅವಕಾಶಕ್ಕಾಗಿಯೇ ಗಿಡಮೂಲಿಕೆಯ ಬಗ್ಗೆ ಯೋಚಿಸಬೇಕು. ಶಲ್ಲಕಿ ಕೊಳ್ಳುವಾಗ ಬೋಸ್ವೆಲಿಕ್ ಆಮ್ಲ ಶೇಕಡಾ ಎಷ್ಟೆಂದು ಚೀಟಿಯಲ್ಲಿ ಬರೆದಿರುವುದನ್ನೇ ಆರಿಸಿ. ಬರೆದಿಲ್ಲದಿದ್ದರೆ ಅದು ಬರೀ ಪುಡಿ.

ಅರಿಶಿನದಲ್ಲಿ ಎಲ್ಲರೂ ಎಡವುತ್ತಾರೆ. ಒಣಪುಡಿಯನ್ನು ಮೇವಿನ ಮೇಲೆ ಉದುರಿಸಿದರೆ ಅದರ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗದೆ ಬಹುಪಾಲು ಲದ್ದಿಯ ಜೊತೆ ಹೊರಹೋಗುತ್ತದೆ. ಸುಮಾರು 500 ಕೆಜಿಯ ಕುದುರೆಗೆ ದಿನಕ್ಕೆ 15 ಗ್ರಾಂ ಅರಿಶಿನ, 30 ಮಿ.ಲೀ. ಅಗಸೆ ಎಣ್ಣೆ, ಕಾಲು ಚಮಚ ಆಗಷ್ಟೇ ಕುಟ್ಟಿದ ಕಾಳುಮೆಣಸು ಒಟ್ಟಿಗೆ ಕಲಸಿ, ಒದ್ದೆ ಮಾಡಿದ ಮೇವಿಗೆ ಬೆರೆಸಬೇಕು. ಎಣ್ಣೆ ಕರ್ಕ್ಯುಮಿನ್ ಕರಗಲು ನೆರವಾಗುತ್ತದೆ, ಮೆಣಸಿನ ಪೈಪರಿನ್ ಅದನ್ನು ಯಕೃತ್ತು ಬೇಗ ಹೊರಹಾಕದಂತೆ ತಡೆಯುತ್ತದೆ. ಶುರು ಮಾಡುವುದು 5 ಗ್ರಾಂನಿಂದ, ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ. ಲದ್ದಿ ಸಡಿಲವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಕುದುರೆ ಬಕೆಟ್ ಮೂಸಿ ಬಿಟ್ಟರೆ ಬಲವಂತ ಬೇಡ, ಮೇವು ಬಿಡುವುದು ಕೀಲುನೋವಿಗಿಂತ ದೊಡ್ಡ ತೊಂದರೆ.

ಆಫ್ರಿಕಾದ ಕಲಹರಿ ಮರುಭೂಮಿಯ ಡೆವಿಲ್ಸ್ ಕ್ಲಾ ಎಂಬ ಗಿಡದ ಬೇರಿನಲ್ಲಿ ಉರಿಯೂತ ತಗ್ಗಿಸುತ್ತದೆನ್ನುವ ಹಾರ್ಪಗೋಸೈಡ್ ಇದೆ. ಗಬ್ಬದ ಕುದುರೆಗೂ ಹೊಟ್ಟೆಹುಣ್ಣಿನ ಕುದುರೆಗೂ ಅದನ್ನು ಕೊಡಬಾರದು. ಉಳಿದವಕ್ಕೆ ಪಶುವೈದ್ಯರನ್ನು ಕೇಳಿ ಕೊಡಬಹುದು.

ಒಂದು ಸಲಕ್ಕೆ ಒಂದೇ ಮೂಲಿಕೆ, ಆರು ವಾರ. ವಾರಕ್ಕೊಮ್ಮೆ ಅದೇ ಗಟ್ಟಿ ನೆಲದಲ್ಲಿ, ಅದೇ ಹೊತ್ತಿಗೆ, ಮೈ ಬಿಸಿಯಾಗುವ ಮುಂಚೆ ನೇರ ಗೆರೆಯಲ್ಲೂ ಎರಡೂ ಕಡೆಯ ವೃತ್ತದಲ್ಲೂ ಟ್ರಾಟ್ (ನಿಧಾನ ಓಟ) ಮಾಡಿಸಿ ವಿಡಿಯೋ ಹಿಡಿಯಿರಿ. ಆಮೇಲೆ ಮೂರು ವಾರ ನಿಲ್ಲಿಸಿ. ನಿಲ್ಲಿಸಿದಾಗ ಬಿಗಿತ ಮರಳಿದರೆ ಮುಂದುವರಿಸಿ, ಮರಳದಿದ್ದರೆ ಚೀಲ ಖಾಲಿಯಾದ ಮೇಲೆ ಮತ್ತೆ ತರಬೇಡಿ.

ವಿರೋಧ: ತಕ್ಕಡಿ ಇದೆ, ಆದರೆ ತೂಗುವುದು ಏನನ್ನು?

ಮೇಲಿನ ಲೆಕ್ಕವನ್ನೇ ಹಿಡಿಯೋಣ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3 ಎಂದುಕೊಂಡರೆ 15 ಗ್ರಾಂನಲ್ಲಿ ಸಿಗುವುದು 450 ಮಿಲಿಗ್ರಾಂ. 500 ಕೆಜಿ ಮೈಗೆ ಹಂಚಿದರೆ ಕೆಜಿಗೆ 1 ಮಿಲಿಗ್ರಾಂ ಕೂಡ ಇಲ್ಲ. ಅದರಲ್ಲೂ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಫಿನೈಲ್‌ಬ್ಯೂಟಾಜೋನಿನ ಸಾಮಾನ್ಯ ಪ್ರಮಾಣ ಕೆಜಿಗೆ 2.2 ಮಿಲಿಗ್ರಾಂ, ಮತ್ತು ಅದು ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಈ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ಮೆಣಸಿನ ಮಾತೂ ಮನುಷ್ಯರ ಮತ್ತು ಇಲಿಗಳ ಪ್ರಯೋಗದಿಂದ ಎರವಲು ಬಂದದ್ದು. ಅದು ಕುದುರೆಯಲ್ಲಿ ನಿಜವಾಗಿ ಫಲಿಸುತ್ತದೆ ಎಂದೇ ಇಟ್ಟುಕೊಳ್ಳಿ: ಆಗ ಯಕೃತ್ತು ಕರ್ಕ್ಯುಮಿನನ್ನು ಮಾತ್ರವಲ್ಲ, ಕುದುರೆ ತೆಗೆದುಕೊಳ್ಳುತ್ತಿರುವ ಬೇರೆ ಔಷಧಗಳನ್ನೂ ನಿಧಾನವಾಗಿ ಹೊರಹಾಕಬಹುದು. ಪರಿಣಾಮವಿಲ್ಲ ಎಂದರೆ ದಂಡ, ಇದೆ ಎಂದರೆ ಅಪಾಯ. 5-ಲೈಪಾಕ್ಸಿಜಿನೇಸಿನ ವಿವರಣೆ ಓದಲು ಚೆಂದ. ಪ್ರಯೋಗಾಲಯದ ಬಟ್ಟಲಿನಿಂದ ಹಾಕ್ ಕೀಲಿನವರೆಗಿನ ದಾರಿ ಮಾತ್ರ ಉದ್ದ.

ಒಂದೊಂದೇ ಮೂಲಿಕೆ ಕೊಡಿ ಎಂಬುದು ಸರಿಯಾದ ಮಾತೇ, ಆದರೆ ಮಾರುಕಟ್ಟೆಯ ಡಬ್ಬಿಗಳಲ್ಲಿ ಎಂಟು-ಹತ್ತು ಒಟ್ಟಿಗೆ ಕೂತಿರುತ್ತವೆ, ಪ್ರಮಾಣ ಎಷ್ಟೋ ಸಲ ಬರೆದಿರುವುದಿಲ್ಲ. ಅವುಗಳಲ್ಲಿರುವ ವಿಲೋ ಮರದ ತೊಗಟೆಯೂ ಮೆಡೋಸ್ವೀಟ್ ಗಿಡವೂ ಮೈಯಲ್ಲಿ ಆಸ್ಪಿರಿನ್ ಜಾತಿಯ ಸ್ಯಾಲಿಸಿಲಿಕ್ ಆಮ್ಲವಾಗುತ್ತವೆ. ಪಶುವೈದ್ಯರು ಫಿನೈಲ್‌ಬ್ಯೂಟಾಜೋನ್ ಬರೆದಿರುವಾಗ ಇದನ್ನೂ ಹಾಕಿದರೆ ಹೊಟ್ಟೆಹುಣ್ಣಿಗೆ ಎರಡು ಕಡೆಯಿಂದ ಆಹ್ವಾನ ಕೊಟ್ಟಂತೆ. ಹಳೆಯ ಮಿಶ್ರಣಗಳಲ್ಲಿ ಕಾಣುವ ಕಾಮ್‌ಫ್ರಿ ಗಿಡದ ಪೈರೊಲಿಜಿಡಿನ್ ಆಲ್ಕಲಾಯ್ಡುಗಳು ಯಕೃತ್ತನ್ನು ಸದ್ದಿಲ್ಲದೆ ಕೆಡಿಸುತ್ತವೆ. ರುಚಿಗೆಂದು ಕಾಕಂಬಿ ಬೆರೆಸಿದ ಪುಡಿ ಗೊರಸಿನ ಉರಿಯೂತದ ಪ್ರವೃತ್ತಿಯಿರುವ ಕುದುರೆಗೆ ಬೇಡವೇ ಬೇಡ. ಬಿಡಿಯಾಗಿ ಕೊಂಡ ಅರಿಶಿನವೂ ಪೂರ್ತಿ ನಿರಾಳವಲ್ಲ, ಬಣ್ಣ ಏರಿಸಲು ಲೆಡ್ ಕ್ರೋಮೇಟ್ ಸೇರಿಸಿದ್ದು ಪತ್ತೆಯಾಗಿದೆ.

ಸ್ಪರ್ಧೆಯ ಕುದುರೆಯಾದರೆ ‘ನೈಸರ್ಗಿಕ’ ಎಂಬ ಪದ ರಕ್ಷಣೆಯಲ್ಲ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ (ಎಫ್‌ಇಐ) ನಿಷೇಧಿತ ಪದಾರ್ಥಗಳ ಪಟ್ಟಿಯಲ್ಲಿ ಹಾರ್ಪಗೋಸೈಡ್ ಇದೆ, ಸ್ಯಾಲಿಸಿಲಿಕ್ ಆಮ್ಲಕ್ಕೆ ಮಿತಿಯಿದೆ. 2008ರ ಒಲಿಂಪಿಕ್ಸಿನ ಅಶ್ವಸ್ಪರ್ಧೆಗಳಲ್ಲಿ ಕೆಲವು ಕುದುರೆಗಳು ಸಿಕ್ಕಿಬಿದ್ದದ್ದು ಮೆಣಸಿನಕಾಯಿಯ ಖಾರದಿಂದ, ಅಂದರೆ ಕ್ಯಾಪ್ಸೈಸಿನ್‌ನಿಂದ.

ಆದರೂ ದೊಡ್ಡ ಹಾನಿ ಪುಡಿಯದಲ್ಲ, ಅದು ನುಂಗುವ ಸಮಯದ್ದು. ಮುಂಗಾಲು ನೋಯುವಾಗ ಆ ಕಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಮೇಲಕ್ಕೆ ಹೋಗುತ್ತದೆ. ಕಾರಣ ಗೊರಸಿನ ಕೀವೂ ಇರಬಹುದು, ಲಾಳದ ಮೊಳೆಯೂ ಇರಬಹುದು, ಕೀಲಿನ ಸೋಂಕೂ ಇರಬಹುದು. ಕೀಲು ಊದಿ ಬಿಸಿಯಾಗಿದೆ, ಮೈಬಿಸಿ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದರೆ ಲೆಕ್ಕ ಗಂಟೆಗಳಲ್ಲಿ, ಆರು ವಾರಗಳಲ್ಲಲ್ಲ.

ಆ ಮೊದಲ ಹತ್ತು ಹೆಜ್ಜೆಯ ಬಿಗಿತಕ್ಕೆ ಪುಡಿಗಿಂತ ಮೊದಲು ನೋಡಬೇಕಾದದ್ದು ರಾತ್ರಿಯಿಡೀ ಕಟ್ಟಿ ನಿಲ್ಲಿಸಿದ್ದನ್ನು. ಬಯಲಿಗೆ ಬಿಟ್ಟರೆ, ಸವಾರಿಗೆ ಮುಂಚೆ 10-15 ನಿಮಿಷ ನಡೆಸಿದರೆ, ಎಷ್ಟೋ ಕುದುರೆಗಳು ಅಲ್ಲೇ ಸಡಿಲವಾಗುತ್ತವೆ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಸವರಬೇಕು. ಮುಂತುದಿ ಉದ್ದ ಬೆಳೆದರೆ ಪ್ರತಿ ಹೆಜ್ಜೆ ಎತ್ತುವಾಗಲೂ ಗೊರಸಿನ ಕೀಲಿನ ಮೇಲೆ ಸನ್ನೆಗೋಲು ಹಾಕಿದಂತೆ ಒತ್ತಡ ಬೀಳುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಸಿಗದಷ್ಟು ಕೊಬ್ಬಿದ್ದರೆ ಕೀಲು ಹೊರುತ್ತಿರುವುದು ಅದನ್ನೇ. ಇವು ಸರಿಯಾಗದೆ ಡಬ್ಬಿ ತೆರೆಯುವುದು ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ.

ಕೊನೆಗೆ ಆ ವಿಡಿಯೋ ಪರೀಕ್ಷೆ. ಹವೆ ಬೆಚ್ಚಗಾದರೂ ಬಿಗಿತ ಇಳಿಯುತ್ತದೆ, ಹೊಸದಾಗಿ ಲಾಳ ಹೊಡೆಸಿದರೂ ಇಳಿಯುತ್ತದೆ, ಅಕ್ಕರೆಯಿಂದ ಬೆರೆಸಿದ ಕೈಗೆ ಸುಧಾರಣೆ ಕಂಡೇ ಕಾಣುತ್ತದೆ. ಮಾಡಲೇಬೇಕೆಂದರೆ ಮೇವು ಬೆರೆಸುವವರು ಒಬ್ಬರು, ವಿಡಿಯೋ ನೋಡಿ ಅಂಕ ಕೊಡುವವರು ಇನ್ನೊಬ್ಬರಾಗಲಿ. ವಾರಗಳ ಕ್ರಮವನ್ನು ಕಲಸಿ ತೋರಿಸಿ, ಯಾವುದು ಕೊಟ್ಟ ವಾರ, ಯಾವುದು ಬಿಟ್ಟ ವಾರ ಎಂದು ಅವರಿಗೆ ತಿಳಿಯಬಾರದು. ಅರಿಶಿನದ ವಿಷಯದಲ್ಲಿ ಇನ್ನೊಂದು ಎಚ್ಚರ: ವಿಡಿಯೋ ಹಿಡಿಯುವ ಮುಂಚೆ ಕುದುರೆಯ ಮೂತಿ ಒರೆಸಿ, ಹಳದಿ ಬಣ್ಣವೇ ಗುಟ್ಟು ಬಿಟ್ಟುಕೊಡುತ್ತದೆ.